ಆಸನ ಭರ್ತಿ, ಬೊಕ್ಕಸ ಖಾಲಿ: ವಿಮಾನಯಾನ ಸಂಸ್ಥೆಗಳು ಮುಚ್ಚುವುದೇಕೆ?

ದೇಶದಲ್ಲಿ ವಿಮಾನವೇರುವವರ ಸಂಖ್ಯೆ ಏರುತ್ತಲೇ ಬಂದಿದೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಲೆಕ್ಕದಂತೆ 2024ರಲ್ಲಿ ದೇಶೀಯ ಮಾರ್ಗಗಳಲ್ಲಿ ಸಂಚರಿಸಿದವರು 16 ಕೋಟಿಗೂ ಅಧಿಕ. ಆದರೆ ಕಳೆದ ಮೂರು ದಶಕಗಳಲ್ಲಿ ಬಾಗಿಲು ಹಾಕಿದ ವಿಮಾನಯಾನ ಸಂಸ್ಥೆಗಳ ಪಟ್ಟಿಯೂ ಸಾಕಷ್ಟು ಉದ್ದವಿದೆ. ಈಸ್ಟ್‌ವೆಸ್ಟ್, ದಮಾನಿಯಾ, ಮೋದಿಲುಫ್ಟ್, ಎನ್‌ಇಪಿಸಿ, ಪ್ಯಾರಾಮೌಂಟ್, ಕಿಂಗ್‌ಫಿಷರ್, ಜೆಟ್ ಏರ್‌ವೇಸ್, ಗೋ ಫಸ್ಟ್ - ಇವು ನೆನಪಿಗೆ ಬರುವ ಕೆಲವೇ ಹೆಸರುಗಳು. ಗಿರಾಕಿಗಳಿಲ್ಲದ ಅಂಗಡಿ ಮುಚ್ಚುವುದು ಸಹಜ. ಗಿರಾಕಿಗಳು ಸಾಲುಗಟ್ಟಿ ನಿಂತಿರುವಾಗಲೇ ಒಂದರ ಹಿಂದೊಂದು ಅಂಗಡಿ ಮುಚ್ಚುತ್ತಿದ್ದರೆ ಕಾರಣವನ್ನು ಬೇರೆಡೆ ಹುಡುಕಬೇಕಾಗುತ್ತದೆ.

ಕಾರಣದ ಬಹುಪಾಲು ಲೆಕ್ಕದ ಪುಸ್ತಕದಲ್ಲೇ ಸಿಗುತ್ತದೆ. ಟಿಕೆಟ್ ಹಣ ಬರುವುದು ರೂಪಾಯಿಯಲ್ಲಿ. ವಿಮಾನದ ಬಾಡಿಗೆ, ಎಂಜಿನ್ ದುರಸ್ತಿ, ಬಿಡಿಭಾಗಗಳ ಬೆಲೆ ಹೋಗುವುದು ಡಾಲರ್‌ನಲ್ಲಿ. ಇಂಧನದ ಬೆಲೆಯನ್ನು ಅಂತಾರಾಷ್ಟ್ರೀಯ ಮಾರುಕಟ್ಟೆ ತೀರ್ಮಾನಿಸಿದರೆ ಅದರ ಮೇಲಿನ ತೆರಿಗೆಯನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ತೀರ್ಮಾನಿಸುತ್ತವೆ. ನಿಲ್ದಾಣದ ಶುಲ್ಕವನ್ನು ಮತ್ತೊಂದು ಪ್ರಾಧಿಕಾರ ನಿಗದಿಪಡಿಸುತ್ತದೆ. ಸಂಸ್ಥೆಯ ಕೈಯಲ್ಲಿ ಉಳಿಯುವುದು ಟಿಕೆಟ್ ದರವೊಂದೇ. ಪೈಪೋಟಿಯ ಭರದಲ್ಲಿ ಅದನ್ನೂ ಏರಿಸಲಾಗದೆ ಒದ್ದಾಡುವ ಸ್ಥಿತಿ ಬಹುತೇಕ ಸಂಸ್ಥೆಗಳದ್ದಾಗಿತ್ತು.

ಏಕಸ್ವಾಮ್ಯದಿಂದ ಪೈಪೋಟಿಗೆ

ಜೆ.ಆರ್.ಡಿ. ಟಾಟಾ ಅವರು 1932ರ ಅಕ್ಟೋಬರ್ 15ರಂದು ಕರಾಚಿಯಿಂದ ಮುಂಬೈಗೆ ಅಂಚೆ ಹೊತ್ತ ಪುಟ್ಟ ವಿಮಾನ ಹಾರಿಸಿದ್ದು ಈ ಉದ್ಯಮದ ಆರಂಭ. 1953ರಲ್ಲಿ ಸರ್ಕಾರ ಖಾಸಗಿ ಸಂಸ್ಥೆಗಳನ್ನೆಲ್ಲ ರಾಷ್ಟ್ರೀಕರಣಗೊಳಿಸಿತು. ನಾಲ್ಕು ದಶಕಗಳ ಕಾಲ ದೇಶದೊಳಗಿನ ನಿಗದಿತ ಹಾರಾಟ ಸರ್ಕಾರಿ ಸಂಸ್ಥೆಗಳ ಸ್ವತ್ತಾಗಿತ್ತು. ತೊಂಬತ್ತರ ದಶಕದ ಆರಂಭದಲ್ಲಿ 'ಏರ್ ಟ್ಯಾಕ್ಸಿ' ಹೆಸರಿನಲ್ಲಿ ಖಾಸಗಿಯವರಿಗೆ ಬಾಗಿಲು ತೆರೆಯಿತು. 1994ರಲ್ಲಿ ಹಳೆಯ ಏಕಸ್ವಾಮ್ಯದ ಕಾಯ್ದೆಯೇ ರದ್ದಾಯಿತು. ಮೊದಲ ಅಲೆಯಲ್ಲಿ ಬಂದವರ ಪೈಕಿ ಹೆಚ್ಚಿನವರು ಐದಾರು ವರ್ಷವೂ ಬಾಳಲಿಲ್ಲ. ಗಟ್ಟಿಯಾಗಿ ಉಳಿದದ್ದು ಜೆಟ್ ಮತ್ತು ಸಹಾರಾ ಮಾತ್ರ.

ಬಾಗಿಲು ತೆರೆದರೂ ಷರತ್ತುಗಳು ಕಡಿಮೆಯಿರಲಿಲ್ಲ. ಮುಂಬೈ, ದಿಲ್ಲಿ, ಬೆಂಗಳೂರಿನಂತಹ ಲಾಭದ ಮಾರ್ಗಗಳಲ್ಲಿ ಹಾರುವ ಸಂಸ್ಥೆ ಅದಕ್ಕೆ ತಕ್ಕ ಪ್ರಮಾಣದಲ್ಲಿ ಈಶಾನ್ಯ ರಾಜ್ಯಗಳು, ಜಮ್ಮು-ಕಾಶ್ಮೀರ, ಅಂಡಮಾನ್, ಲಕ್ಷದ್ವೀಪಗಳಿಗೂ ಹಾರಲೇಬೇಕೆಂಬ ನಿಯಮ 1994ರಲ್ಲಿ ಬಂತು. ದೂರದ ಊರುಗಳಿಗೆ ಸಂಪರ್ಕ ಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದರ ವೆಚ್ಚವನ್ನು ಬೊಕ್ಕಸದ ಬದಲು ಸಂಸ್ಥೆಗಳ ತಲೆಗೆ ಕಟ್ಟಲಾಯಿತು. ವಿದೇಶಿ ವಿಮಾನಯಾನ ಸಂಸ್ಥೆಗಳು ಇಲ್ಲಿನ ಸಂಸ್ಥೆಗಳಲ್ಲಿ ಬಂಡವಾಳ ಹೂಡದಂತೆ 1997ರಲ್ಲಿ ನಿರ್ಬಂಧ ವಿಧಿಸಲಾಯಿತು. ಅಂತಾರಾಷ್ಟ್ರೀಯ ಹಾರಾಟಕ್ಕೆ ಐದು ವರ್ಷದ ದೇಶೀಯ ಅನುಭವ ಹಾಗೂ 20 ವಿಮಾನಗಳಿರಬೇಕೆಂಬ '5/20' ನಿಯಮ 2004ರಲ್ಲಿ ಜಾರಿಯಾಯಿತು. ಈ ಕೊನೆಯ ನಿಯಮ ಬೆಂಗಳೂರಿನ ಎರಡು ಸಂಸ್ಥೆಗಳ ಹಣೆಬರಹವನ್ನೇ ಬದಲಿಸಿತು.

ಬೆಂಗಳೂರಿನ ಎರಡು ರೆಕ್ಕೆಗಳು

ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರ ಏರ್ ಡೆಕ್ಕನ್ 2003ರ ಆಗಸ್ಟ್‌ನಲ್ಲಿ ಸಣ್ಣ ಎಟಿಆರ್ ವಿಮಾನಗಳೊಂದಿಗೆ ಹಾರಾಟ ಆರಂಭಿಸಿತು. ಉಚಿತ ಊಟವಿಲ್ಲ, ಒಂದೇ ದರ್ಜೆ, ಅಂತರ್ಜಾಲದಲ್ಲೇ ಟಿಕೆಟ್ - ಇದು ಅದರ ಸೂತ್ರ. ಮುಂಚಿತವಾಗಿ ಕಾಯ್ದಿರಿಸಿದ ಅದೃಷ್ಟವಂತರಿಗೆ ಒಂದು ರೂಪಾಯಿ ಮೂಲ ದರದ ಟಿಕೆಟ್ ಕೊಟ್ಟು ದೇಶದ ಗಮನ ಸೆಳೆಯಿತು. ಹುಬ್ಬಳ್ಳಿ, ಮಂಗಳೂರಿನಂತಹ ಊರುಗಳ ಮಧ್ಯಮ ವರ್ಗದ ಕುಟುಂಬಗಳು ಮೊದಲ ಬಾರಿಗೆ ವಿಮಾನ ಹತ್ತಿದ್ದು ಈ ಅವಧಿಯಲ್ಲಿ. ಸಂಸ್ಥೆ 2006ರಲ್ಲಿ ಷೇರು ಮಾರುಕಟ್ಟೆಗೂ ಬಂತು. ಆದರೆ ವಿಮಾನಗಳು ಹೆಚ್ಚಿದಂತೆಲ್ಲ ನಷ್ಟವೂ ಬೆಳೆಯಿತು.

ವಿಜಯ್ ಮಲ್ಯ ಅವರ ಕಿಂಗ್‌ಫಿಷರ್ ಏರ್‌ಲೈನ್ಸ್ 2005ರ ಮೇ ತಿಂಗಳಲ್ಲಿ ಆರಂಭವಾಯಿತು. ಇದು ಡೆಕ್ಕನ್‌ಗೆ ತದ್ವಿರುದ್ಧ. ಸೀಟಿಗೊಂದು ಟಿವಿ ಪರದೆ, ರುಚಿಯಾದ ಊಟ, ಅದ್ದೂರಿ ಉಪಚಾರ. ಹೀಗಿದ್ದೂ 2007ರಲ್ಲಿ ಕಿಂಗ್‌ಫಿಷರ್ ಡೆಕ್ಕನ್‌ನ ಪಾಲು ಖರೀದಿಸಿತು. ಉಣ್ಣುವ ಎಲೆಯೇ ಬೇರೆ ಬೇರೆಯಾಗಿದ್ದ ಇಬ್ಬರನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿದ್ದರ ಹಿಂದೆ 5/20 ನಿಯಮದ ನೆರಳಿತ್ತು. ಕಿಂಗ್‌ಫಿಷರ್‌ಗೆ ವಿದೇಶಕ್ಕೆ ಹಾರುವ ಆತುರವಿತ್ತು, ಐದು ವರ್ಷದ ಅನುಭವ ಇರಲಿಲ್ಲ. ಡೆಕ್ಕನ್‌ಗೆ 2008ರ ಆಗಸ್ಟ್‌ನಲ್ಲಿ ಐದು ವರ್ಷ ತುಂಬಿತು. ಸೆಪ್ಟೆಂಬರ್ 3ರಂದು ಕಿಂಗ್‌ಫಿಷರ್‌ನ ಮೊದಲ ಲಂಡನ್ ವಿಮಾನ ಬೆಂಗಳೂರಿನಿಂದ ಮೇಲೇರಿತು.

ಸಮಯ ಮಾತ್ರ ಕೆಟ್ಟದಾಗಿತ್ತು. 2008ರ ಜುಲೈನಲ್ಲಿ ಕಚ್ಚಾ ತೈಲದ ಬೆಲೆ ಬ್ಯಾರೆಲ್‌ಗೆ 147 ಡಾಲರ್ ತಲುಪಿತ್ತು. ಅದರ ಬೆನ್ನಿಗೇ ಜಾಗತಿಕ ಆರ್ಥಿಕ ಹಿಂಜರಿತ ಬಂತು. ಹಾರಾಡಿದ ಅಷ್ಟೂ ವರ್ಷ ವಾರ್ಷಿಕ ಲಾಭವನ್ನೇ ಕಾಣದ ಸಂಸ್ಥೆ ಸಾಲದ ಮೇಲೆ ಸಾಲ ಮಾಡಿತು. 2011ರಲ್ಲಿ ಅಗ್ಗದ ದರದ ಸೇವೆಯನ್ನು ಕೈಬಿಟ್ಟಿತು. ತಿಂಗಳುಗಟ್ಟಲೆ ಸಂಬಳ ಕಾಣದ ಸಿಬ್ಬಂದಿ ಮುಷ್ಕರ ಹೂಡಿದರು. 2012ರ ಅಕ್ಟೋಬರ್ 1ರಿಂದ ವಿಮಾನಗಳು ಹಾರಲಿಲ್ಲ, ಅದೇ ತಿಂಗಳು ಪರವಾನಗಿ ಅಮಾನತಾಯಿತು. ವಿದೇಶಿ ವಿಮಾನಯಾನ ಸಂಸ್ಥೆಗಳಿಗೆ ಶೇ. 49ರಷ್ಟು ಹೂಡಿಕೆಗೆ ಕೇಂದ್ರ ಸರ್ಕಾರ ಅನುಮತಿ ನೀಡಿದ್ದು ಸೆಪ್ಟೆಂಬರ್‌ನಲ್ಲಿ, ಅಂದರೆ ಕೆಲವೇ ದಿನ ಮೊದಲು. ಮುಳುಗುವವನಿಗೆ ಹಗ್ಗ ಎಸೆದದ್ದು ತಲೆ ನೀರಿನಡಿ ಹೋದ ಮೇಲೆ! ಸ್ಟೇಟ್ ಬ್ಯಾಂಕ್ ನೇತೃತ್ವದ 17 ಬ್ಯಾಂಕುಗಳು 9 ಸಾವಿರ ಕೋಟಿ ರೂಪಾಯಿಗೂ ಹೆಚ್ಚಿನ ಬಾಕಿಗಾಗಿ ನ್ಯಾಯಾಲಯದ ಮೆಟ್ಟಿಲೇರಿದವು. ಮಲ್ಯ 2016ರ ಮಾರ್ಚ್‌ನಲ್ಲಿ ಬ್ರಿಟನ್‌ಗೆ ತೆರಳಿದರು.

ಅದೇ 2016ರ ಜೂನ್‌ನಲ್ಲಿ ಪ್ರಕಟವಾದ ರಾಷ್ಟ್ರೀಯ ವಿಮಾನಯಾನ ನೀತಿ ಐದು ವರ್ಷದ ಷರತ್ತನ್ನು ಕಿತ್ತುಹಾಕಿತು. ಹನ್ನೆರಡು ವರ್ಷ ಬಾಳಿದ ನಿಯಮವೊಂದು ಸಂಸ್ಥೆಗಳನ್ನು ಅವಸರದ ವಿಲೀನಗಳತ್ತ ದೂಡಿದ ನಂತರ ತಾನೇ ಮಾಯವಾಯಿತು.

ಇಂಧನದ ಮೇಲೆ ತೆರಿಗೆಯ ಹೊರೆ

ಭಾರತದ ಸಂಸ್ಥೆಗಳ ಒಟ್ಟು ವೆಚ್ಚದಲ್ಲಿ ಇಂಧನದ ಪಾಲು ಬೆಲೆಗೆ ತಕ್ಕಂತೆ ಶೇ. 30ರಿಂದ 40ರಷ್ಟಿರುತ್ತದೆ. ಸರಕು ಮತ್ತು ಸೇವಾ ತೆರಿಗೆ 2017ರ ಜುಲೈನಲ್ಲಿ ಜಾರಿಯಾದಾಗ ಪೆಟ್ರೋಲ್, ಡೀಸೆಲ್, ಕಚ್ಚಾ ತೈಲ, ನೈಸರ್ಗಿಕ ಅನಿಲದ ಜತೆ ವಿಮಾನ ಇಂಧನವನ್ನೂ ಹೊರಗಿಡಲಾಯಿತು. ಪರಿಣಾಮವಾಗಿ ಇಂಧನದ ಮೇಲೆ ಕೇಂದ್ರದ ಅಬಕಾರಿ ಸುಂಕ ಒಂದೆಡೆ, ರಾಜ್ಯಗಳ ಮೌಲ್ಯವರ್ಧಿತ ತೆರಿಗೆ ಇನ್ನೊಂದೆಡೆ ಉಳಿಯಿತು. 2018ರ ಅಕ್ಟೋಬರ್‌ನಲ್ಲಿ ಅಬಕಾರಿ ಸುಂಕವನ್ನು ಶೇ. 14ರಿಂದ 11ಕ್ಕೆ ಇಳಿಸಲಾಯಿತು. ಟಿಕೆಟ್ ಮೇಲೆ ಜಿಎಸ್‌ಟಿ ಸಂಗ್ರಹಿಸುವ ಸಂಸ್ಥೆ ಇಂಧನಕ್ಕೆ ಕಟ್ಟಿದ ಈ ಹಳೆಯ ತೆರಿಗೆಗಳನ್ನು ಅದರಲ್ಲಿ ಮುರಿದುಕೊಳ್ಳುವಂತಿಲ್ಲ. ತೆರಿಗೆಯ ಮೇಲೆ ತೆರಿಗೆ ಬೀಳುವುದು ಹೀಗೆ.

ರಾಜ್ಯದಿಂದ ರಾಜ್ಯಕ್ಕೆ ಈ ತೆರಿಗೆಯ ಅಂತರ ಅಗಾಧ. ಕೆಲವೆಡೆ ಶೇ. 1 ಇದ್ದರೆ ತಮಿಳುನಾಡಿನಂತಹ ರಾಜ್ಯದಲ್ಲಿ ಶೇ. 29ರಷ್ಟಿತ್ತು. ಮಹಾರಾಷ್ಟ್ರ 2023ರ ಬಜೆಟ್‌ನಲ್ಲಿ ಮುಂಬೈ, ಪುಣೆ ಮತ್ತು ರಾಯಗಡಗಳಲ್ಲಿ ಶೇ. 25ರಿಂದ 18ಕ್ಕೆ ಇಳಿಸಿತು. ಹೀಗಾಗಿ ತೆರಿಗೆ ಕಡಿಮೆಯಿರುವ ಊರಿನಲ್ಲಿ ಅಗತ್ಯಕ್ಕಿಂತ ಹೆಚ್ಚು ಇಂಧನ ತುಂಬಿಸಿಕೊಂಡು ಮುಂದಿನ ಊರಿಗೂ ಅದನ್ನೇ ಬಳಸುವ ಪರಿಪಾಠ ಬೆಳೆದಿದೆ. ಹೊತ್ತ ಭಾರಕ್ಕೇ ಒಂದಿಷ್ಟು ಇಂಧನ ಉರಿದರೂ ಲೆಕ್ಕ ಲಾಭದ್ದೇ. ಕರ್ನಾಟಕದ ಗಡಿಯಾಚೆಯ ಕಣ್ಣೂರು ನಿಲ್ದಾಣ 2018ರ ಡಿಸೆಂಬರ್‌ನಲ್ಲಿ ಆರಂಭವಾದಾಗ ಕೇರಳ ಸರ್ಕಾರ ಅಲ್ಲಿ ಇಂಧನ ತೆರಿಗೆಯನ್ನು ಶೇ. 1ಕ್ಕೆ ಇಳಿಸಿತ್ತು. ಕೊಡಗಿನವರಿಗೂ ಹತ್ತಿರವಾದ ಈ ನಿಲ್ದಾಣಕ್ಕೆ ಸಿಕ್ಕ ರಿಯಾಯಿತಿಗೆ ಪಕ್ಕದ ಕೋಯಿಕ್ಕೋಡಿನಿಂದಲೇ ಆಕ್ಷೇಪ ಬಂತು.

ವಿಮಾನ ಇಂಧನವನ್ನು ಜಿಎಸ್‌ಟಿ ವ್ಯಾಪ್ತಿಗೆ ತರಬೇಕೆಂಬ ಬೇಡಿಕೆ ಹಳೆಯದು. 2024ರ ಡಿಸೆಂಬರ್ 21ರಂದು ಜೈಸಲ್ಮೇರ್‌ನಲ್ಲಿ ನಡೆದ ಮಂಡಳಿಯ 55ನೇ ಸಭೆಯಲ್ಲಿ ಪ್ರಸ್ತಾವ ಬಂದಾಗ ರಾಜ್ಯಗಳು ಒಪ್ಪಲಿಲ್ಲ. ಒಂದಕ್ಕೆ ಒಪ್ಪಿದರೆ ನಾಳೆ ಪೆಟ್ರೋಲ್-ಡೀಸೆಲ್‌ಗೂ ಅದೇ ಗತಿಯಾದೀತೆಂಬ ಆತಂಕ ಅವುಗಳದ್ದು. ಸ್ವಂತ ತೆರಿಗೆಯ ಮೂಲಗಳು ಕೈತಪ್ಪಿರುವ ರಾಜ್ಯಗಳ ಈ ಹಿಂಜರಿಕೆಯನ್ನು ತಳ್ಳಿಹಾಕುವಂತೆಯೂ ಇಲ್ಲ.

ಇಂಧನದ ಬಾಕಿಯೇ ಸಂಸ್ಥೆಯ ಆರೋಗ್ಯದ ನಾಡಿಬಡಿತ. ಚೆನ್ನಾಗಿರುವಾಗ ತೈಲ ಕಂಪನಿಗಳು ಸಾಲಕ್ಕೆ ಇಂಧನ ಕೊಡುತ್ತವೆ. ಬಾಕಿ ಬೆಳೆದಂತೆ ದಿನದ ಹಣ ದಿನವೇ ಕಟ್ಟಬೇಕೆನ್ನುತ್ತವೆ. 2014ರ ಡಿಸೆಂಬರ್ 17ರಂದು ಇಂಧನ ಸಿಗದೆ ಸ್ಪೈಸ್‌ಜೆಟ್ ವಿಮಾನಗಳು ಹಲವು ಗಂಟೆ ನೆಲದಲ್ಲೇ ನಿಂತಿದ್ದವು. ಮರುತಿಂಗಳು ಮಾಲೀಕತ್ವ ಬದಲಾಗಿ ಆ ಸಂಸ್ಥೆ ಅಂದು ಬದುಕುಳಿಯಿತು.

ವಿಮಾನ ಯಾರದ್ದು?

ರೆಕ್ಕೆಯ ಮೇಲೆ ಯಾವ ಸಂಸ್ಥೆಯ ಬಣ್ಣವಿದ್ದರೂ ವಿಮಾನ ಅದರದ್ದೇ ಆಗಿರಬೇಕೆಂದಿಲ್ಲ. ದೇಶದ ಬಹುಪಾಲು ವಿಮಾನಗಳು ಐರ್ಲೆಂಡ್ ಮೊದಲಾದೆಡೆಯ ಲೀಸ್ ಕಂಪನಿಗಳಿಂದ ಬಾಡಿಗೆಗೆ ಪಡೆದವು. ಇಂಡಿಗೊ 2005ರಲ್ಲಿ, ಒಂದೂ ವಿಮಾನ ಹಾರಿಸುವ ಮುನ್ನವೇ 100 ಏರ್‌ಬಸ್‌ಗಳಿಗೆ ಬೇಡಿಕೆ ಸಲ್ಲಿಸಿತ್ತು. ಸಗಟು ಖರೀದಿಯಿಂದ ಬೆಲೆ ಇಳಿಯುತ್ತದೆ. ಕೈಗೆ ಬಂದ ವಿಮಾನವನ್ನು ಲೀಸ್ ಕಂಪನಿಗೆ ಮಾರಿ ಅದನ್ನೇ ಬಾಡಿಗೆಗೆ ಪಡೆದರೆ ನಗದು ಸಿಗುತ್ತದೆ. ಇತರರು ಸೋತ ಮೈದಾನದಲ್ಲಿ ಇಂಡಿಗೊ ಬೆಳೆದದ್ದರಲ್ಲಿ ಈ ಲೆಕ್ಕಾಚಾರದ ಪಾಲು ದೊಡ್ಡದು. ಒಂದೇ ಮಾದರಿಯ ವಿಮಾನ, ವೇಳೆಯ ಪಾಲನೆ, ವಿಲೀನಗಳ ಗೊಡವೆಯಿಲ್ಲದ ನಡೆಯೂ ನೆರವಾದವು. 2007ರಲ್ಲಿ 1,450 ಕೋಟಿ ರೂಪಾಯಿ ಕೊಟ್ಟು ಏರ್ ಸಹಾರಾ ಕೊಂಡ ಜೆಟ್ ಏರ್‌ವೇಸ್ ಆ ಹೊರೆಯಿಂದ ಚೇತರಿಸಿಕೊಳ್ಳಲೇ ಇಲ್ಲ. 2019ರ ಏಪ್ರಿಲ್ 17ರ ರಾತ್ರಿ ಅದರ ಕೊನೆಯ ವಿಮಾನ ಹಾರಿತು.

ಗೋ ಫಸ್ಟ್ ಪ್ರಕರಣ ಇನ್ನೊಂದು ಬಗೆಯದು. ಪ್ರ್ಯಾಟ್ ಅಂಡ್ ವಿಟ್ನಿ ಕಂಪನಿಯ ಎಂಜಿನ್‌ಗಳು ಕೈಕೊಟ್ಟು ಅರ್ಧದಷ್ಟು ವಿಮಾನಗಳು ನಿಂತವೆಂದು ದೂರಿದ ಸಂಸ್ಥೆ 2023ರ ಮೇ 2ರಂದು ತಾನಾಗಿಯೇ ದಿವಾಳಿ ಅರ್ಜಿ ಸಲ್ಲಿಸಿತು. ದಿವಾಳಿ ಸಂಹಿತೆಯ ಪ್ರಕಾರ ಅರ್ಜಿ ಅಂಗೀಕಾರವಾದ ಕ್ಷಣದಿಂದ ಸಾಲಗಾರನ ವಶದಲ್ಲಿರುವ ಸ್ವತ್ತನ್ನು ಯಾರೂ ಮುಟ್ಟುವಂತಿಲ್ಲ. ಬಾಡಿಗೆ ಬಾರದಿದ್ದರೂ ಲೀಸ್ ಕಂಪನಿಗಳು ತಮ್ಮ ವಿಮಾನಗಳನ್ನು ಒಯ್ಯಲಾಗಲಿಲ್ಲ. ವಿಮಾನ ಮರುವಶಕ್ಕೆ ಸಂಬಂಧಿಸಿದ 2001ರ ಕೇಪ್‌ಟೌನ್ ಒಪ್ಪಂದಕ್ಕೆ ಭಾರತ 2008ರಲ್ಲೇ ಸೇರಿದ್ದರೂ ಅದಕ್ಕೆ ಪೂರಕ ಕಾನೂನು ಮಾಡಿರಲಿಲ್ಲ. ಸರ್ಕಾರ ಅಕ್ಟೋಬರ್‌ನಲ್ಲಿ ಅಧಿಸೂಚನೆ ಹೊರಡಿಸಿ ವಿಮಾನಗಳಿಗೆ ವಿನಾಯಿತಿ ಕೊಟ್ಟಿತು. ಆದರೂ 54 ವಿಮಾನಗಳ ನೋಂದಣಿ ರದ್ದತಿಗೆ ದಿಲ್ಲಿ ಹೈಕೋರ್ಟ್ 2024ರ ಏಪ್ರಿಲ್ 26ರಂದು ಆದೇಶಿಸುವವರೆಗೆ ಬಿಕ್ಕಟ್ಟು ಬಗೆಹರಿಯಲಿಲ್ಲ. ಸುಮಾರು ಒಂದು ವರ್ಷ ವಿಮಾನಗಳು ಮಳೆ-ಬಿಸಿಲಿನಲ್ಲಿ ನಿಂತವು. ಈ ಅಪಾಯದ ಬೆಲೆ ಉಳಿದ ಸಂಸ್ಥೆಗಳ ಮುಂದಿನ ಬಾಡಿಗೆ ಒಪ್ಪಂದಗಳಿಗೆ ಸೇರಿಕೊಳ್ಳುವುದು ಈ ವ್ಯವಹಾರದ ರೀತಿ.

ಕೊನೆಗೂ ವಿಮಾನ ವಸ್ತುಗಳಲ್ಲಿನ ಹಿತಾಸಕ್ತಿ ರಕ್ಷಣೆಯ ಕಾಯ್ದೆಯನ್ನು ಸಂಸತ್ತು 2025ರ ಏಪ್ರಿಲ್‌ನಲ್ಲಿ ಅಂಗೀಕರಿಸಿತು. ದಿವಾಳಿಯಾದ ಸಂಸ್ಥೆ ಎರಡು ತಿಂಗಳೊಳಗೆ ಬಾಕಿ ತೀರಿಸದಿದ್ದರೆ ವಿಮಾನ ಮಾಲೀಕರಿಗೆ ಮರಳಬೇಕು. ಬಾಡಿಗೆ ಇಳಿಯಲು ಇದು ಸಹಕಾರಿ. ಆದರೆ ಇದಕ್ಕೊಂದು ಮತ್ತೊಂದು ಮುಖವಿದೆ. ವಿಮಾನಗಳು ಹೋದ ಮೇಲೆ ಸಂಸ್ಥೆಯ ಬಳಿ ಹೆಸರು ಮತ್ತು ಸಾಲ ಬಿಟ್ಟರೆ ಉಳಿಯುವುದು ಅಲ್ಪ. ಪುನಶ್ಚೇತನದ ಮಾತು ಕಾಗದಕ್ಕೆ ಸೀಮಿತವಾಗುತ್ತದೆ. ಐದು ವರ್ಷ ಕಾದರೂ ಮತ್ತೆ ಹಾರದ ಜೆಟ್ ಏರ್‌ವೇಸ್ ಸ್ವತ್ತು ಮಾರಾಟಕ್ಕೆ ಸುಪ್ರೀಂ ಕೋರ್ಟ್ 2024ರ ನವೆಂಬರ್ 7ರಂದು ಆದೇಶಿಸಿತು. ಗೋ ಫಸ್ಟ್ ಸಮಾಪನೆಗೆ ಕಂಪನಿ ಕಾನೂನು ನ್ಯಾಯಮಂಡಳಿ 2025ರ ಜನವರಿಯಲ್ಲಿ ಒಪ್ಪಿತು.

ಸಣ್ಣ ಊರುಗಳ ಪಾಡು

ಕೇಂದ್ರದ 'ಉಡಾನ್' ಯೋಜನೆಯ ಮೊದಲ ವಿಮಾನ 2017ರ ಏಪ್ರಿಲ್ 27ರಂದು ಶಿಮ್ಲಾದಿಂದ ದಿಲ್ಲಿಗೆ ಹಾರಿತು. ಸುಮಾರು ಒಂದು ಗಂಟೆಯ ಹಾರಾಟದ ಅರ್ಧದಷ್ಟು ಆಸನಗಳಿಗೆ 2,500 ರೂಪಾಯಿ ಮಿತಿ, ಸಂಸ್ಥೆಗೆ ಮೂರು ವರ್ಷ ನಷ್ಟ ಭರ್ತಿ. ಇದಕ್ಕೆ ಬೇಕಾದ ಹಣದ ದೊಡ್ಡ ಪಾಲು ಬರುವುದು ದೊಡ್ಡ ಮಾರ್ಗಗಳ ವಿಮಾನಗಳ ಮೇಲಿನ ಶುಲ್ಕದಿಂದ. ಯೋಜನೆಯ ಫಲಿತಾಂಶವನ್ನು ಮಹಾಲೇಖಪಾಲರ 2023ರ ವರದಿ ಬಿಚ್ಚಿಟ್ಟಿದೆ. ಹಂಚಿಕೆಯಾದ 774 ಮಾರ್ಗಗಳಲ್ಲಿ ಆರಂಭಗೊಂಡದ್ದು 371. ಮೂರು ವರ್ಷ ಪೂರೈಸಿದ್ದು 112. ನೆರವು ನಿಂತ ಮೇಲೂ ಉಳಿದದ್ದು 54.

ಬೀದರ್‌ನ ಅನುಭವ ಈ ಅಂಕಿಗಳಿಗೆ ಒಳ್ಳೆಯ ನಿದರ್ಶನ. 2020ರ ಫೆಬ್ರುವರಿಯಲ್ಲಿ ಟ್ರೂಜೆಟ್ ವಿಮಾನದೊಂದಿಗೆ ಅಲ್ಲಿ ಸೇವೆ ಆರಂಭವಾಯಿತು. ಟ್ರೂಜೆಟ್ 2022ರಲ್ಲಿ ನಿಂತುಹೋಯಿತು. ಸ್ಟಾರ್ ಏರ್ ಬಂತು, 2023ರ ಕೊನೆಯಲ್ಲಿ ಅದೂ ನಿಂತಿತು. ರಾಜ್ಯ ಸರ್ಕಾರ ತಾನೇ ನಷ್ಟ ಭರಿಸಲು ಮುಂದಾದ ಮೇಲೆ 2025ರ ಏಪ್ರಿಲ್‌ನಲ್ಲಿ ಬೆಂಗಳೂರು ವಿಮಾನ ಮತ್ತೆ ಹಾರಿತು. ನಿಲ್ದಾಣ ಕಟ್ಟಿ ಉದ್ಘಾಟಿಸುವುದು ಸುಲಭ. ನಾಲ್ಕನೇ ವರ್ಷವೂ ಅಲ್ಲಿ ವಿಮಾನ ಇಳಿಯುವಂತೆ ನೋಡಿಕೊಳ್ಳುವುದು ಕಷ್ಟ.

ಪೈಲಟ್‌ಗಳ ನಿದ್ದೆ ಮತ್ತು 2025ರ ಡಿಸೆಂಬರ್

ಸಂಸ್ಥೆಗಳು ಒಂದೊಂದಾಗಿ ಅಳಿದದ್ದರ ಪರಿಣಾಮ ಮಾರುಕಟ್ಟೆಯ ರಚನೆಯಲ್ಲಿ ಕಾಣುತ್ತದೆ. ಏರ್ ಇಂಡಿಯಾವನ್ನು ಟಾಟಾ ಸಮೂಹ 2022ರ ಜನವರಿ 27ರಂದು ಮರಳಿ ಪಡೆಯಿತು. ವಿಸ್ತಾರ 2024ರ ನವೆಂಬರ್‌ನಲ್ಲಿ ಅದರಲ್ಲಿ ವಿಲೀನವಾಯಿತು. 2025ರ ಹೊತ್ತಿಗೆ ಇಂಡಿಗೊ ಒಂದೇ ದೇಶೀಯ ಪ್ರಯಾಣಿಕರಲ್ಲಿ ಶೇ. 60ಕ್ಕೂ ಹೆಚ್ಚು ಪಾಲು ಹೊಂದಿತ್ತು.

ಇದರ ಅಪಾಯ 2025ರ ಡಿಸೆಂಬರ್ ಮೊದಲ ವಾರ ಬಯಲಾಯಿತು. ದಣಿದ ಪೈಲಟ್ ವಿಮಾನ ನಡೆಸುವುದು ಅಪಾಯಕಾರಿಯೆಂಬ ಕಾರಣಕ್ಕೆ ಮಹಾನಿರ್ದೇಶನಾಲಯ 2024ರ ಜನವರಿಯಲ್ಲಿ ಹೊಸ ನಿಯಮ ಪ್ರಕಟಿಸಿತ್ತು. ವಾರದ ವಿಶ್ರಾಂತಿ 36ರಿಂದ 48 ಗಂಟೆಗೆ ಏರಿಕೆ, ರಾತ್ರಿ ಪಾಳಿಯ ಇಳಿಯುವಿಕೆಗಳು ಆರರಿಂದ ಎರಡಕ್ಕೆ ಇಳಿಕೆ ಇವು ಮುಖ್ಯವಾದವು. ಸಂಸ್ಥೆಗಳ ವಿರೋಧದಿಂದ ಮುಂದಕ್ಕೆ ಹೋದ ನಿಯಮ ದಿಲ್ಲಿ ಹೈಕೋರ್ಟ್‌ನಲ್ಲಿ ಪೈಲಟ್‌ಗಳ ಹೋರಾಟದ ನಂತರ 2025ರ ಜುಲೈ ಮತ್ತು ನವೆಂಬರ್‌ನಲ್ಲಿ ಎರಡು ಹಂತವಾಗಿ ಜಾರಿಗೊಂಡಿತು. ಸಿದ್ಧತೆಗೆ ಸಾಕಷ್ಟು ಸಮಯವಿದ್ದರೂ ಇಂಡಿಗೊ ಬಳಿ ಪೈಲಟ್‌ಗಳು ಸಾಲಲಿಲ್ಲ. ಸಾವಿರಾರು ಹಾರಾಟಗಳು ರದ್ದಾದವು. ಡಿಸೆಂಬರ್ 5ರ ಒಂದೇ ದಿನ ಸಾವಿರಕ್ಕೂ ಅಧಿಕ. ಬೆಂಗಳೂರು ನಿಲ್ದಾಣದಲ್ಲಿ ಪೆಟ್ಟಿಗೆಗಳ ರಾಶಿಯ ನಡುವೆ ಜನ ರಾತ್ರಿ ಕಳೆದರು. ಇತರ ಸಂಸ್ಥೆಗಳ ದರ ಗಗನಕ್ಕೇರಿದಾಗ ಸರ್ಕಾರ 500 ಕಿ.ಮೀ.ವರೆಗಿನ ಪ್ರಯಾಣಕ್ಕೆ 7,500, ಸಾವಿರ ಕಿ.ಮೀ.ವರೆಗೆ 12 ಸಾವಿರ ರೂಪಾಯಿ ಎಂಬಂತೆ ಮಿತಿ ಹೇರಿತು. ಜತೆಗೆ ಸುರಕ್ಷತೆಗಾಗಿ ತಂದ ನಿಯಮಗಳಲ್ಲಿ ಕೆಲವದರಿಂದ ಇಂಡಿಗೊಗೆ 2026ರ ಫೆಬ್ರುವರಿ 10ರವರೆಗೆ ವಿನಾಯಿತಿ ನೀಡಿತು. ಅಷ್ಟು ದೊಡ್ಡ ಸಂಸ್ಥೆಯನ್ನು ನಿಲ್ಲಿಸುವ ಧೈರ್ಯ ಯಾವ ನಿಯಂತ್ರಕನಿಗೂ ಇರದು.

ನಿಯಂತ್ರಕನ ಸ್ಥಿತಿಯೂ ಹೇಳಿಕೊಳ್ಳುವಂತಿಲ್ಲ. ಅಹಮದಾಬಾದ್‌ನಲ್ಲಿ 2025ರ ಜೂನ್ 12ರಂದು ಏರ್ ಇಂಡಿಯಾ ವಿಮಾನ ಪತನಗೊಂಡು ಅದರಲ್ಲಿದ್ದ 242 ಮಂದಿಯ ಪೈಕಿ 241 ಜನ ಮೃತಪಟ್ಟರು. ಎರಡು ತಿಂಗಳ ಬಳಿಕ ಬಂದ ಸಂಸದೀಯ ಸ್ಥಾಯಿ ಸಮಿತಿಯ ವರದಿ ಮಹಾನಿರ್ದೇಶನಾಲಯದ ಸುಮಾರು ಅರ್ಧದಷ್ಟು ಹುದ್ದೆಗಳು ಖಾಲಿ ಇರುವುದನ್ನು ಎತ್ತಿ ತೋರಿತು.

ಟಿಕೆಟ್ ಹಣದ ಗತಿ

ವಿಮಾನ ಟಿಕೆಟ್ ಎಂದರೆ ಪ್ರಯಾಣಿಕ ಸಂಸ್ಥೆಗೆ ಕೊಡುವ ಬಡ್ಡಿರಹಿತ ಮುಂಗಡ. ಹಣದ ಮುಗ್ಗಟ್ಟಿನಲ್ಲಿರುವ ಸಂಸ್ಥೆ ಅಗ್ಗದ ಕೊಡುಗೆ ಪ್ರಕಟಿಸಿ ಮುಂದಿನ ತಿಂಗಳುಗಳ ಟಿಕೆಟ್ ಮಾರಿ ಇಂದಿನ ಇಂಧನದ ಬಿಲ್ ಕಟ್ಟಬಲ್ಲದು. ಇದನ್ನು ತಡೆಯುವ ಪ್ರತ್ಯೇಕ ಖಾತೆಯ ವ್ಯವಸ್ಥೆ ನಮ್ಮಲ್ಲಿ ರೂಪುಗೊಂಡಿಲ್ಲ. ಸಂಸ್ಥೆ ದಿವಾಳಿಯಾದರೆ ಟಿಕೆಟ್ ಕೊಂಡವರು ಭದ್ರತೆಯಿಲ್ಲದ ಸಾಲಿಗರ ಸಾಲಿನಲ್ಲಿ, ಬ್ಯಾಂಕುಗಳ ಹಿಂದೆ ನಿಲ್ಲುತ್ತಾರೆ.

ಸಂಸ್ಥೆ ನಡೆಯುತ್ತಿರುವಾಗ ಮಾತ್ರ ನಿಯಮಗಳು ಪ್ರಯಾಣಿಕನ ಕೈಹಿಡಿಯುತ್ತವೆ. ಎರಡು ವಾರ ಮುಂಚೆ ತಿಳಿಸಿದರೆ ಬದಲಿ ವಿಮಾನ ಅಥವಾ ಪೂರ್ಣ ಹಣ. ಸಕಾಲಕ್ಕೆ ತಿಳಿಸದೆ ರದ್ದುಪಡಿಸಿದರೆ ಅದರ ಜತೆಗೆ ಪರಿಹಾರವೂ ಸಲ್ಲಬೇಕು: ಒಂದು ಗಂಟೆವರೆಗಿನ ಹಾರಾಟಕ್ಕೆ 5 ಸಾವಿರ, ಎರಡು ಗಂಟೆವರೆಗೆ 7,500, ಅದಕ್ಕೂ ಹೆಚ್ಚಾದರೆ 10 ಸಾವಿರ ರೂಪಾಯಿ, ಅಥವಾ ಒಂದು ಕಡೆಯ ಮೂಲ ದರ ಮತ್ತು ಇಂಧನ ಶುಲ್ಕ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಹವಾಮಾನ, ಮುಷ್ಕರ, ಭದ್ರತೆಯಂತಹ ಸಂಸ್ಥೆಯ ಹಿಡಿತ ಮೀರಿದ ಕಾರಣಗಳಿದ್ದರೆ ಈ ಪರಿಹಾರ ಇಲ್ಲ. ಟಿಕೆಟ್ ಕಾಯ್ದಿರಿಸುವಾಗ ಸ್ವಂತ ಮೊಬೈಲ್ ಸಂಖ್ಯೆ ಕೊಡದವರಿಗೂ ಇದು ದಕ್ಕುವುದಿಲ್ಲ; ಏಜೆಂಟರ ಮೂಲಕ ಕಾಯ್ದಿರಿಸುವವರು ಇದನ್ನು ಗಮನಿಸುವುದು ಒಳಿತು. ದೂರು ಕೊಡಲು ಕೇಂದ್ರ ವಿಮಾನಯಾನ ಸಚಿವಾಲಯದ 'ಏರ್‌ಸೇವಾ' ತಾಣವಿದೆ. ಅಲ್ಲಿಯೂ ಕೆಲಸವಾಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು.